ಹಳೆಯ ಕಾರಿನ ಪಾಪ್‌ಅಪ್ ಹೆಡ್‌ಲೈಟ್ ವಾರೆಯಾದರೆ ಸರಿ ಮಾಡುವುದು ಹೇಗೆ?

ಸ್ವಿಚ್ ಒತ್ತಿದರೆ ಬಾನೆಟ್ಟಿನ ಒಳಗಿಂದ ಮೇಲೆದ್ದು ನಿಲ್ಲುವ ಹೆಡ್‌ಲೈಟುಗಳನ್ನು ನೀವು ನೋಡಿರಬಹುದು. ಇವನ್ನೇ ಪಾಪ್‌ಅಪ್ ಹೆಡ್‌ಲೈಟ್ ಅನ್ನುತ್ತಾರೆ. ಇಂಥ ದೀಪಗಳಿರುವ ಹೊಸ ಕಾರು ಮಾರುಕಟ್ಟೆಗೆ ಬಂದು 20 ವರ್ಷ ದಾಟಿತು. ಆದರೆ ಹಳೆಯವುಗಳಿಗೆ ಬೇಡಿಕೆ ಹೋಗಿಲ್ಲ. ಅಮೆರಿಕದಲ್ಲಿ 25 ವರ್ಷ ತುಂಬಿದ ಕಾರನ್ನು ಬೇರೆ ದೇಶದಿಂದ ತರಿಸಿಕೊಳ್ಳಲು ಅಲ್ಲಿನ ವಾಹನ ಸುರಕ್ಷತಾ ನಿಯಮ ಅಡ್ಡ ಬರುವುದಿಲ್ಲ. ಹಾಗಾಗಿ 1990ರ ದಶಕದ ಜಪಾನಿ ಕಾರುಗಳು ಒಂದೊಂದಾಗಿ ಆ ಗೆರೆ ದಾಟಿವೆ. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾದಲ್ಲಿ ನೆಲೆಸಿದ ಕನ್ನಡಿಗರಲ್ಲೂ ವಾರಾಂತ್ಯದ ಹವ್ಯಾಸಕ್ಕೆ ಇಂಥದ್ದೊಂದು ಕಾರು ಕೊಳ್ಳುವವರು ಇದ್ದಾರೆ. ಕೊಂಡ ಮೇಲೆ ಬೇಗ ಕಣ್ಣಿಗೆ ಬೀಳುವ ತೊಂದರೆಗಳಲ್ಲಿ ಇದೂ ಒಂದು: ಒಂದು ದೀಪ ಪೂರ್ತಿ ಏಳುತ್ತದೆ, ಇನ್ನೊಂದು ಸ್ವಲ್ಪ ಕೆಳಗೇ ನಿಲ್ಲುತ್ತದೆ. ಅಥವಾ ಮುಚ್ಚಿದಾಗ ಒಂದು ಮುಚ್ಚಳ ಬಾನೆಟ್ಟಿಗಿಂತ ಉಬ್ಬಿಕೊಂಡಿರುತ್ತದೆ. ರಾತ್ರಿ ಓಡಿಸಿದರೆ ಒಂದರ ಬೆಳಕು ರಸ್ತೆಗೆ, ಇನ್ನೊಂದರ ಬೆಳಕು ಮರದ ಕೊಂಬೆಗೆ.

ಇದನ್ನು ಮನೆಯಲ್ಲೇ ಸರಿ ಮಾಡಬಹುದು. ಆದರೆ ಯಾವುದನ್ನು ಮೊದಲು ಮಾಡಬೇಕು ಎನ್ನುವುದು ತುಂಬಾ ಮುಖ್ಯ. ಆ ಕ್ರಮ ಯಾಕೆ ಹಾಗಿದೆ ಅಂತ ಗೊತ್ತಾಗಬೇಕಾದರೆ ದೀಪ ಏಳುವುದು ಹೇಗೆ ಅಂತ ತಿಳಿದಿರಬೇಕು. ಉದಾಹರಣೆಗೆ ಮಜ್ದಾ ಎಂಎಕ್ಸ್-5 ಕಾರಿನ ಮೊದಲ ತಲೆಮಾರನ್ನು ತೆಗೆದುಕೊಂಡಿದ್ದೇನೆ. 1989ರ ಫೆಬ್ರವರಿಯಲ್ಲಿ ಷಿಕಾಗೋ ಆಟೋ ಶೋದಲ್ಲಿ ಮೊದಲ ಸಲ ಕಾಣಿಸಿಕೊಂಡ, 1997ರವರೆಗೆ ತಯಾರಾದ ಈ ಪುಟ್ಟ ಕಾರನ್ನು ಅಮೆರಿಕದಲ್ಲಿ ಮಿಯಾಟಾ ಅಂತ ಕರೆಯುತ್ತಾರೆ. ಇದರ ಕೆಲಸ ಅರ್ಥವಾದರೆ ಉಳಿದ ಕಾರುಗಳದ್ದೂ ಹೆಚ್ಚು ಕಡಿಮೆ ಅರ್ಥವಾದ ಹಾಗೇ.

## ದೀಪವನ್ನು ಬಚ್ಚಿಡುವ ಅಗತ್ಯವಾದರೂ ಏನಿತ್ತು?

ಮೊದಲು ಇದು ಅಂದಕ್ಕಾಗಿಯೇ ಬಂತು. ಅಮೆರಿಕದ ಕಾರ್ಡ್ 810 ಎಂಬ 1936ರ ಮಾದರಿಯಲ್ಲಿ ದೀಪಗಳು ಮಡ್‌ಗಾರ್ಡ್ ಒಳಗೆ ಅಡಗಿರುತ್ತಿದ್ದವು. ಚಾಲಕ ಡ್ಯಾಶ್‌ಬೋರ್ಡಿನಲ್ಲಿದ್ದ ಹಿಡಿಯನ್ನು ಕೈಯಲ್ಲಿ ತಿರುವಿ ಅವನ್ನು ಹೊರಗೆ ತರಬೇಕಿತ್ತು. ಎರಡು ದೀಪಕ್ಕೂ ಬೇರೆ ಬೇರೆ ಹಿಡಿ.

ನಿಜವಾದ ಒತ್ತಡ ಬಂದದ್ದು ಕಾನೂನಿನಿಂದ. 1940ರಿಂದ ಅಮೆರಿಕದಲ್ಲಿ ಹೆಡ್‌ಲೈಟ್ ಅಂದರೆ 7 ಇಂಚು ಅಗಲದ ದುಂಡನೆಯ ಸೀಲ್ಡ್ ಬೀಮ್ ಅಂತಲೇ ಆಯಿತು. ಬಲ್ಬು, ಹಿಂದಿನ ಕನ್ನಡಿ, ಮುಂದಿನ ಗಾಜು ಎಲ್ಲ ಒಂದರಲ್ಲೇ ಅಂಟಿಕೊಂಡಿರುವ ದೀಪ ಅದು. ಮುಂದೆ ಇನ್ನೂ ಕೆಲವು ಅಳತೆಗಳಿಗೆ ಒಪ್ಪಿಗೆ ಸಿಕ್ಕಿತು. ಆದರೆ ಕಾರಿನ ಆಕಾರಕ್ಕೆ ತಕ್ಕ ಹಾಗೆ ದೀಪ ಮಾಡಿಕೊಳ್ಳುವ ಹಾಗಿರಲಿಲ್ಲ. ಜೊತೆಗೆ ದೀಪ ನೆಲದಿಂದ ಇಂತಿಷ್ಟು ಎತ್ತರದಲ್ಲಿರಲೇಬೇಕು ಎಂಬ ನಿಯಮ. ಈಗಿನ ಲೆಕ್ಕದಲ್ಲಿ ಅದು ಕನಿಷ್ಠ 22 ಇಂಚು. ಗಾಳಿ ಸೀಳಿಕೊಂಡು ಹೋಗಲು ಸ್ಪೋರ್ಟ್ಸ್ ಕಾರಿಗೆ ತಗ್ಗಾದ ಮೂತಿ ಬೇಕು, ಕಾನೂನಿಗೆ ಎತ್ತರದ ದೀಪ ಬೇಕು. ಬೇಕಾದಾಗ ಮಾತ್ರ ಏಳುವ ದೀಪ ಎರಡನ್ನೂ ತೂಗಿಸಿತು.

1983ರಲ್ಲಿ ಅಮೆರಿಕ ಬಲ್ಬು ಬದಲಿಸಬಹುದಾದ, ಬೇರೆ ಬೇರೆ ಆಕಾರದ ದೀಪಗಳಿಗೆ ಒಪ್ಪಿಗೆ ಕೊಟ್ಟಿತು. ಅಲ್ಲಿಂದ ಪಾಪ್‌ಅಪ್ ದೀಪಗಳ ಅಗತ್ಯ ಕಡಿಮೆಯಾಗುತ್ತಾ ಬಂತು. ಪಾದಚಾರಿಗಳಿಗೆ ಡಿಕ್ಕಿಯಾದರೆ ಪೆಟ್ಟು ಕಡಿಮೆಯಾಗಲಿ ಎಂದು ಯುರೋಪಿನಲ್ಲಿ ಬಂದ ನಿಯಮಗಳು ಉಳಿದದ್ದನ್ನು ಮುಗಿಸಿದವು. ಎಂಎಕ್ಸ್-5ರ ಎರಡನೇ ತಲೆಮಾರಿಗೇ ಮಾಮೂಲಿ ದೀಪ ಬಂತು. ಶೆವ್ರೊಲೆ ಕಾರ್ವೆಟ್ ಸಿ5 ಮತ್ತು ಲೋಟಸ್ ಎಸ್ಪ್ರಿ 2004ರಲ್ಲಿ ನಿಂತ ಮೇಲೆ ದೊಡ್ಡ ಪ್ರಮಾಣದಲ್ಲಿ ತಯಾರಾಗುವ ಕಾರುಗಳಲ್ಲಿ ಇವು ಕಾಣಿಸಿಲ್ಲ. ಅಂದರೆ ಇವತ್ತು ರಸ್ತೆಯಲ್ಲಿರುವ ಪ್ರತಿ ಪಾಪ್‌ಅಪ್ ದೀಪಕ್ಕೂ ವಯಸ್ಸಾಗಿದೆ. ಅದರ ರಬ್ಬರ್, ಪ್ಲಾಸ್ಟಿಕ್, ವೈರುಗಳಿಗೂ ಅಷ್ಟೇ ವಯಸ್ಸು.

## ದೀಪ ಏಳುವುದು ಹೇಗೆ?

ದೀಪ ಒಂದು ಲೋಹದ ಚೌಕಟ್ಟಿನಲ್ಲಿ ಕೂತಿರುತ್ತದೆ. ಚೌಕಟ್ಟು ಒಂದು ಕೀಲಿನ ಮೇಲೆ ತಿರುಗುತ್ತದೆ. ಅದರ ನೆತ್ತಿಯ ಮೇಲೆ ಕಾರಿನದೇ ಬಣ್ಣದ ಮುಚ್ಚಳ. ಪಕ್ಕದಲ್ಲಿ ಒಂದು ಸಣ್ಣ ಮೋಟಾರ್. ಮಿಯಾಟಾದಲ್ಲಿ ಎಡ ಬಲ ಎರಡಕ್ಕೂ ಬೇರೆ ಬೇರೆ ಮೋಟಾರ್ ಇದೆ. ಒಂದು ಕೆಟ್ಟರೂ ಇನ್ನೊಂದು ಆರಾಮಾಗಿ ಏಳುವುದು ಅದಕ್ಕೇ.

ಮೋಟಾರಿನ ತುದಿಯಲ್ಲಿ ಒಂದು ಗಿಡ್ಡ ತೋಳು. ಅದರಿಂದ ಚೌಕಟ್ಟಿಗೆ ಒಂದು ಸರಳು, ಇದನ್ನು ಲಿಂಕ್ ರಾಡ್ ಅನ್ನುತ್ತಾರೆ. ಹಳೆಯ ಕಾಲದ ಕಾಲು ತುಳಿತದ ಹೊಲಿಗೆ ಯಂತ್ರವನ್ನು ನೆನಪಿಸಿಕೊಳ್ಳಿ. ಅಲ್ಲಿ ಪೆಡಲು ಮೇಲೆ ಕೆಳಗೆ ಆಡಿದರೆ ಸರಳಿನ ಮೂಲಕ ಚಕ್ರ ಸುತ್ತುತ್ತದೆ. ಇಲ್ಲಿ ಅದೇ ಕೆಲಸ ತಿರುಗಾಮುರುಗಾ: ಮೋಟಾರಿನ ತೋಳು ಸುತ್ತಿದರೆ ದೀಪ ಮೇಲೆ ಕೆಳಗೆ ಆಡುತ್ತದೆ. ಮಿಯಾಟಾದ ಮೋಟಾರ್ ಒಂದೇ ದಿಕ್ಕಿಗೆ ಸುತ್ತುತ್ತದೆ. ಅರ್ಧ ಸುತ್ತಿಗೆ ದೀಪ ಏಳುತ್ತದೆ, ಇನ್ನರ್ಧ ಸುತ್ತಿಗೆ ಮಲಗುತ್ತದೆ.

ಹೊಲಿಗೆ ಯಂತ್ರ ತುಳಿದವರಿಗೆ ಇನ್ನೊಂದು ವಿಷಯ ಗೊತ್ತು. ಸರಳು ಮತ್ತು ಚಕ್ರದ ತೋಳು ಒಂದೇ ಗೆರೆಯಲ್ಲಿ ನಿಂತಾಗ ಪೆಡಲು ಎಷ್ಟು ಒತ್ತಿದರೂ ಚಕ್ರ ಮಿಸುಕುವುದಿಲ್ಲ. ಕೈಯಲ್ಲಿ ಚಕ್ರವನ್ನು ತುಸು ನೂಕಲೇಬೇಕು. ಪಾಪ್‌ಅಪ್ ದೀಪ ಮಾಡಿದವರು ಇದನ್ನೇ ಬಳಸಿಕೊಂಡಿದ್ದಾರೆ. ದೀಪ ಪೂರ್ತಿ ಎದ್ದಾಗ ತೋಳು ಮತ್ತು ಸರಳು ಹೀಗೇ ಒಂದು ಗೆರೆಗೆ ಬಂದು ನಿಲ್ಲುತ್ತವೆ. ಎದುರು ಗಾಳಿ ಎಷ್ಟೇ ತಳ್ಳಿದರೂ ದೀಪ ಹಿಂದಕ್ಕೆ ಮಲಗುವುದಿಲ್ಲ. ಮೋಟಾರಿಗೆ ಕರೆಂಟ್ ಬೇಕಿಲ್ಲ, ಶ್ರಮವೂ ಇಲ್ಲ. ನನಗಂತೂ ಇದು ಈ ಇಡೀ ವ್ಯವಸ್ಥೆಯ ಅತಿ ಚೆಂದದ ಭಾಗ.

ಆದರೆ ತೋಳು ಸರಿಯಾಗಿ ಆ ಜಾಗದಲ್ಲೇ ನಿಲ್ಲಬೇಕಲ್ಲ? ಅದನ್ನು ನೋಡಿಕೊಳ್ಳುವುದು ಮೋಟಾರಿನ ಒಳಗಿನ ಒಂದು ಸಣ್ಣ ಸ್ವಿಚ್. ಅರ್ಧ ಸುತ್ತು ಮುಗಿದ ತಕ್ಷಣ ಅದು ಕರೆಂಟ್ ಕಡಿಯುತ್ತದೆ. ಇಷ್ಟರ ಜೊತೆಗೆ ದೀಪ ಏಳುವಾಗ, ಮಲಗುವಾಗ ತಾಗಿ ನಿಲ್ಲಲು ರಬ್ಬರ್ ತುದಿಯ ತಡೆಗಳಿವೆ. ಇವನ್ನು ಸ್ಟಾಪರ್ ಅನ್ನುತ್ತಾರೆ.

## ವಾರೆ ಅನ್ನುವುದು ಒಂದೇ ತೊಂದರೆ ಅಲ್ಲ

ಜನ ದಾರಿ ತಪ್ಪುವುದು ಜಾಸ್ತಿ ಇಲ್ಲಿಯೇ. ದೀಪ ವಾರೆ ಅಂದರೆ ಎರಡು ಬೇರೆ ಬೇರೆ ವಿಷಯಗಳಿರಬಹುದು.

ಒಂದು, ಚೌಕಟ್ಟು ಮತ್ತು ಮುಚ್ಚಳ ಕೂರಬೇಕಾದ ಜಾಗದಲ್ಲಿ ಕೂತಿಲ್ಲ. ಇದು ಹೊರಗಿನಿಂದ ನೋಡಿದರೇ ಕಾಣುತ್ತದೆ. ಇನ್ನೊಂದು, ಚೌಕಟ್ಟು ಸರಿಯಾಗಿದೆ, ಆದರೆ ಅದರೊಳಗಿನ ದೀಪ ತಪ್ಪು ದಿಕ್ಕಿಗೆ ಮುಖ ಮಾಡಿದೆ. ಇದು ಹಗಲಲ್ಲಿ ಗೊತ್ತೇ ಆಗುವುದಿಲ್ಲ. ದೀಪದ ಸುತ್ತಲಿನ ಎರಡು ತಿರುಪುಗಳು ಈ ಎರಡನೆಯದಕ್ಕೆ ಮಾತ್ರ ಸಂಬಂಧಿಸಿದವು. ಒಂದು ಬೆಳಕನ್ನು ಮೇಲೆ ಕೆಳಗೆ ಮಾಡುತ್ತದೆ, ಇನ್ನೊಂದು ಎಡಕ್ಕೆ ಬಲಕ್ಕೆ.

ಚೌಕಟ್ಟು ಸವೆದು ಜೋತುಬಿದ್ದಿದ್ದರೂ ಸುಮ್ನೆ ತಿರುಪು ತಿರುವಿ ಬೆಳಕನ್ನು ಮೇಲೆತ್ತಿಬಿಡುವವರಿದ್ದಾರೆ. ಅವತ್ತಿಗೆ ಸರಿ ಕಾಣುತ್ತದೆ. ಹಳ್ಳಕ್ಕೆ ಬಿದ್ದೆದ್ದ ಮೇಲೆ ಸಡಿಲವಿರುವ ಚೌಕಟ್ಟು ಇನ್ನೊಂದು ಜಾಗದಲ್ಲಿ ಕೂರುತ್ತದೆ, ಬೆಳಕು ಮತ್ತೆ ಎಲ್ಲೋ ಹೋಗುತ್ತದೆ. ಆಮೇಲೊಂದು ದಿನ ಸವೆದ ಭಾಗ ಬದಲಿಸಿದರೆ ಬೆಳಕು ನೇರ ಎದುರಿನವರ ಕಣ್ಣಿಗೆ. ಆದ್ದರಿಂದ ಮೊದಲು ಸಡಿಲ ಹೋಗಬೇಕು, ಆಮೇಲೆ ಮುಚ್ಚಳ ಕೂರಬೇಕು, ಕೊನೆಗೆ ಬೆಳಕಿನ ಗುರಿ. ಇದನ್ನು ಹಿಂದುಮುಂದು ಮಾಡಿದರೆ ಮಾಡಿದ ಕೆಲಸವನ್ನೇ ಮತ್ತೆ ಮಾಡಬೇಕಾಗುತ್ತದೆ.

ಬೆಳಕಿನ ಗುರಿಗೆ ಇಷ್ಟೊಂದು ಮಹತ್ವ ಯಾಕೆ? ಲೆಕ್ಕ ನೋಡಿ. ದೀಪ ಒಂದೇ ಒಂದು ಡಿಗ್ರಿ ಮೇಲೆದ್ದರೆ, 25 ಮೀಟರ್ ದೂರದಲ್ಲಿ ಬೆಳಕು ಸುಮಾರು 44 ಸೆಂ.ಮೀ. ಮೇಲೆ ಹೋಗುತ್ತದೆ. ರಸ್ತೆಯ ಮೇಲೆ ಬೀಳಬೇಕಾದದ್ದು ಎದುರಿನ ಕಾರಿನ ಗಾಜಿಗೆ ಬೀಳಲು ಅಷ್ಟು ಸಾಕು. ಬ್ರಿಟನ್ನಿನ ವಾರ್ಷಿಕ ಎಂಒಟಿ ತಪಾಸಣೆಯಲ್ಲಿ ಹೆಡ್‌ಲೈಟ್ ಗುರಿಯನ್ನು ತಪ್ಪದೆ ನೋಡುತ್ತಾರೆ. ಗುರಿ ತಪ್ಪಿದ್ದರೆ ಕಾರು ಫೇಲ್.

## ತೊಂದರೆ ಎಲ್ಲಿದೆ?

ದೀಪಗಳನ್ನು ಮೇಲೆತ್ತಿ. ಮಿಯಾಟಾದಲ್ಲಿ ದೀಪ ಹಚ್ಚದೆ ಬರೀ ಮೇಲೆತ್ತಲು ಡ್ಯಾಶ್‌ಬೋರ್ಡಿನಲ್ಲಿ ಬೇರೆಯೇ ಒಂದು ಗುಂಡಿ ಇದೆ. ಈಗ ಕಾರು ಆಫ್ ಮಾಡಿ, ಒಂದೊಂದು ಮುಚ್ಚಳವನ್ನೂ ಹಿಡಿದು ಮೆಲ್ಲಗೆ ಮೇಲೆ ಕೆಳಗೆ ಅಲ್ಲಾಡಿಸಿ. ಎರಡನ್ನೂ ಹೋಲಿಸಿ. ಗಟ್ಟಿ ನಿಂತಿರುವುದು ಸರಿಯಾಗಿದೆ. ಟಿಕ್ ಟಿಕ್ ಅಂತ ಸದ್ದು ಮಾಡಿ ಆಡುವುದಕ್ಕೆ ಮೆಕ್ಯಾನಿಕ್‌ಗಳು ಹೇಳುವ ಹಾಗೆ 'ಪ್ಲೇ', ಅಂದರೆ ಸಡಿಲ, ಬಂದಿದೆ.

ಪ್ಲೇ ಬರುವುದು ಸಾಮಾನ್ಯವಾಗಿ ಲಿಂಕ್ ರಾಡಿನ ಎರಡು ತುದಿಗಳಲ್ಲಿ. ಅಲ್ಲಿ ಗುಂಡಿನಂಥ ಲೋಹದ ತುದಿ ಪ್ಲಾಸ್ಟಿಕ್ ಬುಷ್ಷಿನೊಳಗೆ, ಅಂದರೆ ಬಳೆಯಂಥ ಸಣ್ಣ ತುಂಡಿನೊಳಗೆ, ಕೂತಿರುತ್ತದೆ. ಇಂಜಿನ್ನಿನ ಶಾಖ, ಧೂಳು, ವಯಸ್ಸು ಸೇರಿ ಬುಷ್ ಸವೆಯುತ್ತದೆ, ಕೆಲವೊಮ್ಮೆ ಪುಡಿಯಾಗುತ್ತದೆ. ಒಂದು ಮಿಲಿಮೀಟರ್ ಸವೆದರೆ ಏನಾಯ್ತು ಅನ್ನಬೇಡಿ. ಬುಷ್ ಇರುವುದು ಕೀಲಿಗೆ ಹತ್ತಿರ, ಮುಚ್ಚಳದ ಅಂಚು ಇರುವುದು ದೂರ. ಬುಷ್ 5 ಸೆಂ.ಮೀ. ದೂರದಲ್ಲಿದ್ದು ಅಂಚು 20 ಸೆಂ.ಮೀ. ದೂರದಲ್ಲಿದ್ದರೆ, ಅಲ್ಲಿನ ಒಂದು ಮಿಲಿಮೀಟರ್ ಇಲ್ಲಿ ನಾಲ್ಕಾಗುತ್ತದೆ. ಒಬ್ಬರು ಮುಚ್ಚಳ ಅಲ್ಲಾಡಿಸುತ್ತಿರುವಾಗ ಇನ್ನೊಬ್ಬರು ಬಾನೆಟ್ ಎತ್ತಿ ಟಾರ್ಚ್ ಹಾಕಿ ನೋಡಿದರೆ ಯಾವ ತುದಿ ಸಡಿಲ ಅಂತ ಕೂಡಲೇ ಗೊತ್ತಾಗುತ್ತದೆ.

ಕೀಲುಗಳು ಬಿಗಿಯಾಗಿದ್ದೂ ದೀಪ ಅರ್ಧಕ್ಕೆ ನಿಂತರೆ, ಅಥವಾ ನಿಲ್ಲದೆ ಎದ್ದು ಮಲಗಿ ಮಾಡುತ್ತಲೇ ಇದ್ದರೆ, ತೊಂದರೆ ಕರೆಂಟಿನದು. ಮೋಟಾರಿನೊಳಗಿನ ಸ್ವಿಚ್ಚಿನ ತಾಮ್ರದ ಪಟ್ಟಿಗೆ ಕಿಲುಬು ಹಿಡಿದಿರಬಹುದು, ಮೋಟಾರಿಗೆ ಕರೆಂಟ್ ಹಾಯಿಸುವ ಸ್ವಿಚ್ಚು, ಅಂದರೆ ರಿಲೇ, ಹೋಗಿರಬಹುದು. ಒಂದು ದೀಪ ಮಾತ್ರ ನಿಧಾನಕ್ಕೆ ಎದ್ದರೆ ಆ ಕಡೆಯ ಅರ್ತಿಂಗ್ ವೈರಿನ ತುದಿಯನ್ನು ಬಿಚ್ಚಿ, ತುಕ್ಕು ಉಜ್ಜಿ ಮತ್ತೆ ಹಾಕಿ ನೋಡಿ. ಮೋಟಾರ್ ಬದಲಿಸುವ ಮುಂಚೆ ಇಷ್ಟು ಮಾಡಲೇಬೇಕು.

ಮೂರನೆಯ ಸಾಧ್ಯತೆ ಹಳೆಯ ಡಿಕ್ಕಿ. ಪಾರ್ಕಿಂಗಿನಲ್ಲಿ ಮೂತಿ ತಾಗಿ ಒಳಗಿನ ತಗಡು ತುಸು ಬಾಗಿದರೂ ಚೌಕಟ್ಟು ಓರೆಯಾಗುತ್ತದೆ. ಬೋಲ್ಟುಗಳ ಬಣ್ಣ ಕಿತ್ತಿದ್ದರೆ, ಎರಡು ಕಡೆಯ ತಗಡಿನ ಮಡಿಕೆ ಒಂದೇ ಥರ ಇಲ್ಲದಿದ್ದರೆ ಅನುಮಾನ ಪಡಿ. ಇದು ಬಾಡಿ ಶಾಪಿನ ಕೆಲಸ.

ಎಲ್ಲ ಕಾರುಗಳಲ್ಲೂ ಸವೆಯುವ ಜಾಗ ಒಂದೇ ಅಲ್ಲ. ಕಾರ್ವೆಟ್ ಸಿ5ರಲ್ಲಿ ಮೋಟಾರಿನೊಳಗಿನ ಪ್ಲಾಸ್ಟಿಕ್ ಗೇರಿನ ಹಲ್ಲುಗಳು ಕಿತ್ತುಹೋಗುತ್ತವೆ. ಮೋಟಾರ್ ಕರಕರ ಅನ್ನುತ್ತದೆ, ದೀಪ ಏಳುವುದಿಲ್ಲ. ಅದಕ್ಕೆ ಹಿತ್ತಾಳೆಯ ಗೇರು ಸಿಗುತ್ತದೆ. ಲೋಟಸ್ ಎಲಾನ್‌ನಂಥ ಹಳೆಯ ಕಾರುಗಳಲ್ಲಿ ಮೋಟಾರೇ ಇಲ್ಲ. ಇಂಜಿನ್ ಗಾಳಿ ಎಳೆದುಕೊಳ್ಳುವ ಬಲದಿಂದಲೇ ದೀಪ ಆಡುತ್ತದೆ. ಅಲ್ಲಿ ವಾರೆಯಾಗಿದೆ ಅಂದರೆ ಮೊದಲು ನೋಡಬೇಕಾದದ್ದು ಬಿರುಕು ಬಿಟ್ಟ ರಬ್ಬರ್ ಪೈಪನ್ನು.

## ಕೈ ಹಾಕುವ ಮೊದಲು ಬ್ಯಾಟರಿ ಬಿಚ್ಚಿ

ಇದನ್ನು ಒತ್ತಿ ಹೇಳುತ್ತೇನೆ. ಈ ಮೋಟಾರ್ ಸಣ್ಣದಾದರೂ ಬಲ ಜಾಸ್ತಿ. ಬೆರಳು ನಡುವೆ ಇರುವಾಗ ಯಾರಾದರೂ ಸ್ವಿಚ್ ಒತ್ತಿದರೆ, ಅಥವಾ ಕೆಟ್ಟ ರಿಲೇ ತಾನೇ ಚಾಲೂ ಆದರೆ, ಬೆರಳು ಜಜ್ಜಿಹೋಗುತ್ತದೆ. ದೀಪವನ್ನು ಮೇಲೆತ್ತಿಕೊಂಡು, ಬ್ಯಾಟರಿಯ ಮೈನಸ್ ವೈರನ್ನು ಬಿಚ್ಚಿಡಿ. ಮಿಯಾಟಾದಲ್ಲಿ ಬ್ಯಾಟರಿ ಇರುವುದು ಹಿಂದಿನ ಡಿಕ್ಕಿಯಲ್ಲಿ, ಬಾನೆಟ್ಟಿನ ಕೆಳಗೆ ಹುಡುಕಬೇಡಿ.

ಬ್ಯಾಟರಿ ಬಿಚ್ಚಿದ ಮೇಲೂ ದೀಪವನ್ನು ಎತ್ತಿಳಿಸಲು ದಾರಿ ಇದೆ. ಮೋಟಾರಿನ ಮೇಲೆ ರಬ್ಬರ್ ಟೋಪಿ ಹಾಕಿದ ಒಂದು ತಿರುಗುಣಿ ಇರುತ್ತದೆ. ಟೋಪಿ ತೆಗೆದು ಕೈಯಲ್ಲೇ ತಿರುವುತ್ತಾ ಹೋದರೆ ದೀಪ ನಿಧಾನಕ್ಕೆ ಆಡುತ್ತದೆ. ಮುಂದಿನ ಕೆಲಸಕ್ಕೆಲ್ಲ ಇದೇ ಬೇಕು.

## ಸಡಿಲ ತೆಗೆಯುವುದು, ಮುಚ್ಚಳ ಕೂರಿಸುವುದು

ಬುಷ್ ಸವೆದಿದ್ದರೆ ಬದಲಿಸುವುದೇ ಸರಿ. ಟೇಪ್ ಸುತ್ತಿ, ಗ್ರೀಸ್ ತುಂಬಿ ದಿನ ತಳ್ಳುವುದು ಹೆಚ್ಚು ದಿನ ನಡೆಯುವುದಿಲ್ಲ. ಲಿಂಕ್ ರಾಡನ್ನು ತುದಿಯಿಂದ ಬಿಡಿಸುವಾಗ ಬಟ್ಟೆ ಸುತ್ತಿದ ಚಪ್ಪಟೆ ಸ್ಕ್ರೂಡ್ರೈವರಿನಿಂದ ಮೆಲ್ಲಗೆ ಮೀಟಿ. ಹಳೆಯ ಗ್ರೀಸನ್ನು ಪೂರ್ತಿ ಒರೆಸಿ, ಹೊಸ ಬುಷ್ಷಿಗೆ ಪ್ಲಾಸ್ಟಿಕ್ಕಿಗೆ ಆಗಿಬರುವ ಗ್ರೀಸನ್ನೇ ಸ್ವಲ್ಪ ಹಚ್ಚಿ. ಕೀಲಿಗೂ ಅಷ್ಟೇ. ಒಂದು ಕಡೆ ಸವೆದಿದ್ದರೆ ಇನ್ನೊಂದು ಕಡೆಯದೂ ಅದೇ ವಯಸ್ಸಿನದು ಅಲ್ವಾ? ಎರಡನ್ನೂ ಒಟ್ಟಿಗೇ ಮಾಡಿಬಿಡುವುದು ಒಳ್ಳೆಯದು. ಕಲ್ಲಿನಂತೆ ಗಟ್ಟಿಯಾಗಿರುವ ಅಥವಾ ಕುಗ್ಗಿಹೋಗಿರುವ ಸ್ಟಾಪರ್ ರಬ್ಬರನ್ನೂ ಈಗಲೇ ಬದಲಿಸಿ. ಅದು ಕುಗ್ಗಿದರೆ ಮಲಗಿದ ಮುಚ್ಚಳ ಬಾನೆಟ್ಟಿಗಿಂತ ತಗ್ಗಿಗೆ ಇಳಿಯುತ್ತದೆ, ಒರಟು ರಸ್ತೆಯಲ್ಲಿ ಲಟಲಟ ಅನ್ನುತ್ತದೆ.

ಇಷ್ಟಾದ ಮೇಲೆ ತಿರುಗುಣಿಯಿಂದ ದೀಪ ಇಳಿಸಿ ನೋಡಿ. ಎಷ್ಟೋ ಕಾರುಗಳಲ್ಲಿ ಕೆಲಸ ಇಲ್ಲಿಗೇ ಮುಗಿದಿರುತ್ತದೆ.

ಮುಗಿಯದಿದ್ದರೆ ಮುಚ್ಚಳದ ಸರದಿ. ಮುಚ್ಚಳ ಚೌಕಟ್ಟಿಗೆ ಕೆಲವು ಬೋಲ್ಟುಗಳಿಂದ ಕೂತಿರುತ್ತದೆ, ಬೋಲ್ಟಿನ ತೂತುಗಳು ಬೇಕೆಂದೇ ತುಸು ದೊಡ್ಡದಾಗಿರುತ್ತವೆ. ಮೊದಲು ಬಾನೆಟ್ಟಿನ ತೂತಿನ ಸುತ್ತ, ಮುಚ್ಚಳದ ಅಂಚಿಗೆ ಪೇಂಟರ್‌ಗಳು ಬಳಸುವ ಕಾಗದದ ಟೇಪ್ ಅಂಟಿಸಿ. ಇಲ್ಲದಿದ್ದರೆ ಬಣ್ಣ ಕಿತ್ತುಬರುತ್ತದೆ. ಬೋಲ್ಟುಗಳನ್ನು ಪೂರ್ತಿ ಬಿಚ್ಚಬೇಡಿ, ಕೈಯಲ್ಲಿ ತಳ್ಳಿದರೆ ಮುಚ್ಚಳ ಸರಿಯುವಷ್ಟು ಮಾತ್ರ ಸಡಿಲಿಸಿ. ತಿರುಗುಣಿ ತಿರುವುತ್ತಾ ಇಳಿಸಿ, ಮುಚ್ಚಳವನ್ನು ಹಿಂದೆ ಮುಂದೆ ಸರಿಸಿ ಸುತ್ತಲೂ ಸಂದು ಒಂದೇ ಸಮ ಬರುವಂತೆ ಮಾಡಿ. ದಪ್ಪ ಕಾರ್ಡಿನ ಚೂರುಗಳನ್ನು ಸಂದಿನಲ್ಲಿ ಸಿಕ್ಕಿಸಿಕೊಂಡರೆ ಸುಲಭ. ಆಮೇಲೆ ಮುಚ್ಚಳ ಅಲ್ಲಾಡದಂತೆ ಮೇಲೆತ್ತಿ ಬೋಲ್ಟು ಬಿಗಿ ಮಾಡಿ. ಬಿಗಿ ಮಾಡುವಾಗ ಮತ್ತೆ ತುಸು ಸರಿಯುತ್ತದೆ. ಒಂದೇ ಸಲಕ್ಕೆ ಬರಲಿಲ್ಲ ಅಂತ ಬೇಸರ ಬೇಡ.

ಸಂದು ಸರಿಯಾಗಿ ಎತ್ತರ ಮಾತ್ರ ತಪ್ಪಿದ್ದರೆ ಸ್ಟಾಪರಿನ ಬೋಲ್ಟಿಗೆ ಬನ್ನಿ. ಅದರ ಲಾಕ್ ನಟ್ ಸಡಿಲಿಸಿ ಬೋಲ್ಟನ್ನು ಅರ್ಧರ್ಧ ಸುತ್ತು ತಿರುವಿ ನೋಡಿ. ಸ್ಟಾಪರನ್ನು ಅತಿಯಾಗಿ ಹೊರಗೆ ತರಬಾರದು. ತೋಳು ತನ್ನ ಅರ್ಧ ಸುತ್ತು ಮುಗಿಸುವ ಮೊದಲೇ ಚೌಕಟ್ಟು ಸ್ಟಾಪರಿಗೆ ಬಡಿದರೆ ಮೋಟಾರ್ ತಿಣುಕುತ್ತದೆ, ಫ್ಯೂಸ್ ಹೋಗುತ್ತದೆ. ಕೆಲವು ಕಾರುಗಳಲ್ಲಿ ಲಿಂಕ್ ರಾಡಿಗೇ ಬೋಲ್ಟಿಗಿರುವಂಥ ಥ್ರೆಡ್ ಇದ್ದು ಉದ್ದ ಹೆಚ್ಚು ಕಡಿಮೆ ಮಾಡಬಹುದು. ಅಲ್ಲಿ ನಿಮ್ಮ ಕಾರಿನ ಸರ್ವೀಸ್ ಕೈಪಿಡಿ ಹೇಳಿದ ಅಳತೆಯನ್ನೇ ಹಿಡಿಯಿರಿ.

ಎಲ್ಲ ಬಿಗಿಯಾದ ಮೇಲೆ ಕೈಯಲ್ಲೇ ಪೂರ್ತಿ ಎತ್ತಿಳಿಸಿ ಎಲ್ಲೂ ತಾಗುತ್ತಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಬ್ಯಾಟರಿ ಕೊಟ್ಟು ಸ್ವಿಚ್ ಒತ್ತುವುದು ಅದರ ನಂತರ.

## ಬೆಳಕಿನ ಗುರಿ

ಸಂಜೆ, ಸಮತಟ್ಟಾದ ಜಾಗ, ಎದುರಿಗೆ ಒಂದು ಗೋಡೆ. ಟೈರಿನ ಗಾಳಿ ಸರಿಯಿರಲಿ. ಚಾಲಕನ ಸೀಟಿನಲ್ಲಿ ಯಾರಾದರೂ ಕೂರಲಿ, ಹಗುರ ಕಾರಿನಲ್ಲಿ ಒಬ್ಬರ ಭಾರಕ್ಕೂ ಮೂತಿಯ ಎತ್ತರ ಬದಲಾಗುತ್ತದೆ. ಕಾರನ್ನು ಗೋಡೆಗೆ ತಾಗಿಸಿದ ಹಾಗೆ ನಿಲ್ಲಿಸಿ, ಎರಡೂ ದೀಪದ ನಡುಬಿಂದುವನ್ನು ಗೋಡೆಯ ಮೇಲೆ ಟೇಪಿನಿಂದ ಗುರುತು ಮಾಡಿ. ಆಮೇಲೆ ನೇರ ಹಿಂದಕ್ಕೆ ತನ್ನಿ. ಅಮೆರಿಕದ ರೂಢಿಯಲ್ಲಿ 25 ಅಡಿ, ಯುರೋಪಿನ ರೂಢಿಯಲ್ಲಿ 10 ಮೀಟರ್. ಲೋ ಬೀಮ್ ಹಚ್ಚಿ, ಒಂದು ದೀಪಕ್ಕೆ ರಟ್ಟು ಅಡ್ಡ ಇಟ್ಟು ಇನ್ನೊಂದನ್ನು ನೋಡಿ.

ಅಮೆರಿಕದ ಹಳೆಯ ಸೀಲ್ಡ್ ಬೀಮಿನಲ್ಲಿ ಬೆಳಕಿಗೆ ಚೂಪಾದ ಅಂಚು ಇರುವುದಿಲ್ಲ, ಒಂದು ಪ್ರಖರ ಪಟ್ಟೆ ಕಾಣುತ್ತದೆ. ಅದರ ಮೇಲಂಚು ದೀಪದ ನಡುಬಿಂದುವಿನ ಎತ್ತರಕ್ಕೆ, ಎಡ ಅಂಚು ನಡುಬಿಂದುವಿನ ನೇರಕ್ಕೆ ಬರಬೇಕು. ಯುರೋಪ್, ಜಪಾನ್ ಮಾದರಿಯ ದೀಪದಲ್ಲಿ ಬೆಳಕು ಎಲ್ಲಿ ಮುಗಿಯುತ್ತದೆ ಎಂಬ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಅದು 10 ಮೀಟರಿನಲ್ಲಿ ನಡುಬಿಂದುವಿಗಿಂತ ಸುಮಾರು 10 ಸೆಂ.ಮೀ. ಕೆಳಗಿರಲಿ. ತಿರುಪುಗಳನ್ನು ಕಾಲು ಸುತ್ತಿನಂತೆ ತಿರುವಿ. ತುಕ್ಕು ಹಿಡಿದಿದ್ದರೆ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಅದರ ಪ್ಲಾಸ್ಟಿಕ್ ನಟ್ ಮುರಿದರೆ ಹೊಸದು ಹುಡುಕುವುದು ಕಷ್ಟ. ಕೊನೆಗೆ ದೀಪಗಳನ್ನು ಕೆಲವು ಸಲ ಮಲಗಿಸಿ ಎಬ್ಬಿಸಿ, ಬೆಳಕು ಪ್ರತಿ ಸಲ ಅದೇ ಜಾಗಕ್ಕೆ ಬರುತ್ತಿದೆಯಾ ನೋಡಿ. ಬರದಿದ್ದರೆ ಎಲ್ಲೋ ಸಡಿಲ ಉಳಿದಿದೆ. ತಪಾಸಣಾ ಕೇಂದ್ರಗಳಲ್ಲಿ ಗುರಿ ಅಳೆಯುವ ಯಂತ್ರವೇ ಇರುತ್ತದೆ, ಅಲ್ಲೊಮ್ಮೆ ತೋರಿಸಿಕೊಂಡರೆ ಇನ್ನೂ ಒಳ್ಳೆಯದು.

## ತಿರುಪಿಗೆ ಬಗ್ಗದ ವಾರೆ

ಜಪಾನಿನಿಂದ ತರಿಸಿದ ಕಾರನ್ನು ಅಮೆರಿಕದಲ್ಲಿ ಓಡಿಸುವವರು ಇದನ್ನು ಗಮನಿಸಬೇಕು. ಜಪಾನಿನಲ್ಲಿ ನಮ್ಮ ಹಾಗೇ ರಸ್ತೆಯ ಎಡಕ್ಕೆ ಓಡಿಸುತ್ತಾರೆ. ಅಲ್ಲಿನ ಲೋ ಬೀಮ್ ಎಡ ಅಂಚಿನ ಕಡೆ ಬೆಳಕನ್ನು ತುಸು ಮೇಲೆತ್ತುತ್ತದೆ, ಕಾಲುದಾರಿ, ಫಲಕಗಳು ಕಾಣಲಿ ಅಂತ. ಅದೇ ದೀಪ ಬಲಕ್ಕೆ ಓಡಿಸುವ ದೇಶಕ್ಕೆ ಹೋದರೆ ಎಡಗಡೆ ಎದುರು ವಾಹನ ಬರುತ್ತಿರುತ್ತದೆ. ಆ ಮೇಲೆದ್ದ ಬೆಳಕು ನೇರ ಆ ಚಾಲಕನಿಗೆ. ಇದು ಗಾಜಿನಲ್ಲೇ ಇರುವ ಆಕಾರ, ತಿರುಪಿನಿಂದ ಹೋಗುವುದಿಲ್ಲ. ದೀಪವನ್ನೇ ಬದಲಿಸಬೇಕು. ಮಿಯಾಟಾದ ಮಟ್ಟಿಗೆ ಇದು ಸುಲಭ. ಅದರದು ಹಳೆಯ ಜೀಪುಗಳಲ್ಲಿದ್ದ ಅದೇ 7 ಇಂಚಿನ ದುಂಡು ದೀಪ, ಆಯಾ ದೇಶಕ್ಕೆ ತಕ್ಕದ್ದು ಸಿಗುತ್ತದೆ.

ಹ್ಯಾಲೊಜನ್ ಬಲ್ಬಿಗೆಂದು ಮಾಡಿದ ದೀಪದೊಳಗೆ ಎಲ್‌ಇಡಿ ಬಲ್ಬು ತೂರಿಸಿದರೂ ಹೀಗೇ ಆಗುತ್ತದೆ. ಬೆಳಕು ಹೊರಡುವ ಜಾಗ ಕೂದಲೆಳೆಯಷ್ಟು ಸರಿದರೂ ಕನ್ನಡಿ ಅದನ್ನು ಎಲ್ಲೆಲ್ಲೋ ಚೆಲ್ಲುತ್ತದೆ. ಗುರಿ ಎಷ್ಟು ಸರಿಪಡಿಸಿದರೂ ಎದುರಿನವರಿಗೆ ಕಣ್ಣು ಕುಕ್ಕುವುದು ನಿಲ್ಲುವುದಿಲ್ಲ.

ಹಿಮ ಬೀಳುವ ಊರಿನಲ್ಲಿದ್ದರೆ ಇನ್ನೊಂದು ಮಾತು. ರಾತ್ರಿ ಮುಚ್ಚಳದ ಸಂದಿನಲ್ಲಿ ನೀರು ಹೆಪ್ಪುಗಟ್ಟಿರುತ್ತದೆ. ಬೆಳಿಗ್ಗೆ ಸ್ವಿಚ್ ಒತ್ತಿದರೆ ಮೋಟಾರ್ ಎಳೆಯುತ್ತದೆ, ಮುಚ್ಚಳ ಬಿಡುವುದಿಲ್ಲ, ಹೊಸ ಬುಷ್ ಆದರೂ ನಲುಗುತ್ತದೆ. ಹಿಮ ಬೀಳುವ ಸೂಚನೆ ಇದ್ದ ರಾತ್ರಿ ದೀಪಗಳನ್ನು ಎತ್ತಿಟ್ಟೇ ಕಾರು ನಿಲ್ಲಿಸಿ. ಮರೆತಿದ್ದರೆ ಬೆಳಿಗ್ಗೆ ಸಂದಿನ ಮಂಜುಗಡ್ಡೆ ಕರಗುವ ತನಕ ಸ್ವಿಚ್ ಮುಟ್ಟಬೇಡಿ. ಬಿಸಿನೀರು ಸುರಿಯುವುದು ಬೇಡ, ಗಾಜು ಸೀಳುತ್ತದೆ.